ಆದೇಶ ಹೊರಡಿಸಲಾಗದ ಅಧಿಕಾರಿ: ರಾಜತಾಂತ್ರಿಕ ವೃತ್ತಿಯ ದಿನಚರಿ ಮತ್ತು ಕಷ್ಟಗಳು

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬಿ.ಎ. ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ನಾಗರಿಕ ಸೇವಾ ಪರೀಕ್ಷೆ ಬರೆಯುವಾಗ ಭಾರತೀಯ ವಿದೇಶಾಂಗ ಸೇವೆಯನ್ನು ಮೊದಲ ಆಯ್ಕೆಯಾಗಿ ನಮೂದಿಸಬೇಕೆಂಬ ಆಸೆಯಿದೆ. ಆದರೆ ಮನೆಯಲ್ಲಿ, ‘ಐಎಎಸ್ ಆದರೆ ಜಿಲ್ಲಾಧಿಕಾರಿ ಆಗಬಹುದು, ಇದರಲ್ಲಿ ಏನಿದೆ?’ ಎಂದು ಕೇಳುತ್ತಾರೆ. ರಾಜತಾಂತ್ರಿಕರು ದಿನನಿತ್ಯ ಮಾಡುವ ಕೆಲಸವೇನು, ಅದರಲ್ಲಿನ ಕಷ್ಟಗಳೇನು, ಹೆಣ್ಣುಮಕ್ಕಳಿಗೆ ಈ ಸೇವೆ ಹೇಗೆ ಎಂಬುದನ್ನು ವಿವರಿಸುವಿರಾ?

ಉತ್ತರ: ನಿಮ್ಮ ಮನೆಯವರು ಕೇಳಿದ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿದೆ. ಜಿಲ್ಲಾಧಿಕಾರಿಯ ಕೈಯಲ್ಲಿ ಆದೇಶ ಹೊರಡಿಸುವ ಅಧಿಕಾರವಿರುತ್ತದೆ; ತಹಶೀಲ್ದಾರರಿಂದ ಗ್ರಾಮ ಆಡಳಿತ ಅಧಿಕಾರಿಗಳವರೆಗೆ ಅದನ್ನು ಪಾಲಿಸುವವರೂ ಇರುತ್ತಾರೆ. ವಿದೇಶದಲ್ಲಿರುವ ಭಾರತದ ರಾಯಭಾರಿಗೆ ಆ ದೇಶದ ಒಬ್ಬ ಪೊಲೀಸ್ ಪೇದೆಗೂ ‘ಹೀಗೆ ಮಾಡು’ ಎಂದು ಹೇಳುವ ಹಕ್ಕಿಲ್ಲ. 1961ರ ವಿಯೆನ್ನಾ ಒಪ್ಪಂದ ರಾಜತಾಂತ್ರಿಕರಿಗೆ ರಕ್ಷಣೆಯನ್ನಂತೂ ಕೊಟ್ಟಿದೆ: ರಾಯಭಾರ ಕಚೇರಿಯೊಳಗೆ ಅನುಮತಿಯಿಲ್ಲದೆ ಯಾರೂ ಕಾಲಿಡುವಂತಿಲ್ಲ, ರಾಜತಾಂತ್ರಿಕರನ್ನು ಬಂಧಿಸುವಂತಿಲ್ಲ. ಆದರೆ ಅದೇ ಒಪ್ಪಂದದ 41ನೇ ವಿಧಿಯ ಪ್ರಕಾರ ಅವರು ಆ ದೇಶದ ಕಾನೂನಿಗೆ ಗೌರವ ಕೊಡಬೇಕು, ಅದರ ಆಂತರಿಕ ವಿಷಯಗಳಲ್ಲಿ ತಲೆಹಾಕಬಾರದು. 9ನೇ ವಿಧಿಯ ಪ್ರಕಾರ ಆತಿಥೇಯ ದೇಶ ಕಾರಣವನ್ನೇ ಕೊಡದೆ ಯಾವ ಗಳಿಗೆಯಲ್ಲಾದರೂ ‘ಇವರು ನಮಗೆ ಬೇಡ’ ಎಂದು ಹಿಂದಕ್ಕೆ ಕಳುಹಿಸಬಹುದು. ಇತ್ತ ದೆಹಲಿಯಿಂದ ಸೂಚನೆ ಬಾರದೆ ಸ್ವಂತವಾಗಿ ಏನನ್ನೂ ಒಪ್ಪಿಕೊಳ್ಳುವಂತೆಯೂ ಇಲ್ಲ. ಎರಡೂ ಕಡೆ ಕೈ ಕಟ್ಟಿಸಿಕೊಂಡು, ಕೇವಲ ವಿಷಯಜ್ಞಾನ, ಪರಿಚಯ ಮತ್ತು ತಾಳ್ಮೆಯ ಬಲದಿಂದ ಕೆಲಸ ಮಾಡಿಸಿಕೊಳ್ಳುವುದು ಈ ವೃತ್ತಿಯ ಸ್ವರೂಪ. ಇದರ ಆಕರ್ಷಣೆಯೂ ಕಷ್ಟಗಳೂ ಹುಟ್ಟುವುದು ಇಲ್ಲಿಂದಲೇ.

ವಿದೇಶಾಂಗ ಸೇವೆಯೆಂದರೆ ಸದಾ ವಿದೇಶದಲ್ಲಿರುವುದು ಎಂಬ ಕಲ್ಪನೆಯನ್ನು ಮೊದಲು ಸ್ವಲ್ಪ ಸಡಿಲಿಸಿಕೊಳ್ಳಿ. ವೃತ್ತಿಯ ಗಣನೀಯ ಭಾಗ ದೆಹಲಿಯ ಸಚಿವಾಲಯದಲ್ಲೇ ಕಳೆಯುತ್ತದೆ. ಅಲ್ಲಿ ಪ್ರದೇಶವಾರು ವಿಭಾಗಗಳಿದ್ದು, ಕೆಲವು ದೇಶಗಳ ‘ಡೆಸ್ಕ್’ ನೋಡಿಕೊಳ್ಳುವ ಕಿರಿಯ ಅಧಿಕಾರಿಯ ಮೇಜಿನ ಮೇಲೆ ಬೆಳಗ್ಗೆಯಿಂದ ಸಂಜೆಯವರೆಗೆ ಕಾಗದ ಹರಿಯುತ್ತಲೇ ಇರುತ್ತದೆ: ಸಚಿವರು ಭೇಟಿಯಾಗಲಿರುವ ಅತಿಥಿಯ ಬಗ್ಗೆ ಟಿಪ್ಪಣಿ, ಮಾತುಕತೆಯ ಅಂಶಗಳ ಕರಡು, ಸಂಸತ್ತಿನ ಪ್ರಶ್ನೆಗೆ ಉತ್ತರ, ಜಂಟಿ ಹೇಳಿಕೆಯ ಹತ್ತನೆಯ ತಿದ್ದುಪಡಿ. ಯಾವುದೋ ದೇಶಕ್ಕೆ ನಮ್ಮ ಮಾವಿನಹಣ್ಣು ರಫ್ತಾಗಬೇಕೆಂದರೆ ಆ ದೇಶದ ಜತೆ ಮಾತಾಡುವುದಕ್ಕೆ ಮೊದಲು ನಮ್ಮಲ್ಲೇ ವಾಣಿಜ್ಯ ಸಚಿವಾಲಯ, ಕೃಷಿ ಸಚಿವಾಲಯ, ಸಸ್ಯರೋಗ ತಪಾಸಣೆಯವರು ಒಂದು ಮಾತಿಗೆ ಬರಬೇಕು. ವಿದೇಶಿಯರ ಜತೆಗಿನ ಚೌಕಾಸಿಗಿಂತ ನಮ್ಮವರನ್ನು ಒಂದೇ ಮೇಜಿನ ಸುತ್ತ ಕೂರಿಸುವುದೇ ಹೆಚ್ಚು ಆಯಾಸದ ಕೆಲಸವೆಂದು ಈ ಸೇವೆಯಲ್ಲಿದ್ದವರು ಹೇಳಿದರೆ ಅದನ್ನು ಉತ್ಪ್ರೇಕ್ಷೆಯೆಂದು ತಿಳಿಯಬೇಡಿ.

ರಾಯಭಾರ ಕಚೇರಿಯ ದಿನ ಸಾಮಾನ್ಯವಾಗಿ ಓದುವುದರಿಂದ ಆರಂಭವಾಗುತ್ತದೆ. ಸ್ಥಳೀಯ ಭಾಷೆಯ ಪತ್ರಿಕೆಗಳು, ಸರ್ಕಾರದ ಪ್ರಕಟಣೆಗಳು, ಸಂಸತ್ತಿನ ಚರ್ಚೆಗಳು, ಮತ್ತೆ ದೆಹಲಿಯಿಂದ ರಾತ್ರೋರಾತ್ರಿ ಬಂದ ಸಂದೇಶಗಳು. ಆಮೇಲೆ ಭೇಟಿಗಳು: ಅಲ್ಲಿನ ವಿದೇಶಾಂಗ ಇಲಾಖೆಯ ಸಮಾನ ದರ್ಜೆಯ ಅಧಿಕಾರಿ, ವಿರೋಧ ಪಕ್ಷದ ಮುಖಂಡ, ವರ್ತಕರ ಸಂಘ, ವಿಶ್ವವಿದ್ಯಾಲಯ, ಪತ್ರಕರ್ತರು. ಭೇಟಿ ಮುಗಿದ ಮೇಲೆ ನಿಜವಾದ ಕೆಲಸ, ಅಂದರೆ ಬರವಣಿಗೆ, ತೊಡಗುತ್ತದೆ. ಆತ ಏನು ಹೇಳಿದ, ಅದರಿಂದ ನಾನು ಏನು ಊಹಿಸಿದೆ, ನಮ್ಮ ಸರ್ಕಾರ ಏನು ಮಾಡಬಹುದು ಎಂಬ ಮೂರನ್ನೂ ಒಂದಕ್ಕೊಂದು ಬೆರೆಯದಂತೆ ಅಂದಿನ ದಿನವೇ ಬರೆದು ಕಳುಹಿಸಬೇಕು. ಕೇಳಲು ಸುಲಭವೆನಿಸುತ್ತದೆ, ಆದರೆ ದೆಹಲಿಗೆ ಹಿತವಾಗುವ ಸುದ್ದಿಯನ್ನೇ ಆರಿಸಿ ಬರೆಯುವ ಮೋಹ ಎಷ್ಟು ಬಲವಾದದ್ದೆಂದು ಆ ಕುರ್ಚಿಯಲ್ಲಿ ಕುಳಿತವರಿಗಷ್ಟೇ ತಿಳಿಯುತ್ತದೆ. ಸಂಬಂಧ ಹಳಸುತ್ತಿದೆ, ನಮ್ಮ ನಿಲುವನ್ನು ಇಲ್ಲಿ ಯಾರೂ ಒಪ್ಪುತ್ತಿಲ್ಲ ಎಂದು ಬರೆಯುವ ಅಧಿಕಾರಿ ಮೇಲಿನವರಿಗೆ ಪ್ರಿಯನಾಗುವುದಿಲ್ಲ. ಆದರೂ ಬರೆಯಲೇಬೇಕು, ಏಕೆಂದರೆ ಆತನನ್ನು ಅಲ್ಲಿ ಇರಿಸಿರುವುದೇ ಅದಕ್ಕಾಗಿ.

ಸಂಜೆಯ ಔತಣಕೂಟಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಕುಹಕವಿದೆ. ಕಚೇರಿಯಲ್ಲಿ ಭೇಟಿಗೆ ಮೂರು ವಾರ ಕಾಯಿಸುವ ಮನುಷ್ಯ ಅಲ್ಲಿ ಹತ್ತು ನಿಮಿಷ ನಿಂತು ಮಾತಾಡುತ್ತಾನೆ; ಆ ಹತ್ತು ನಿಮಿಷಕ್ಕಾಗಿ ಎರಡು ಗಂಟೆ ಕಾಲು ನೋಯುವಂತೆ ನಿಂತಿರಬೇಕಾಗುತ್ತದೆ. ಹಲವು ವರ್ಷ ಕಳೆದ ಮೇಲೆ ಬಹುತೇಕರಿಗೆ ಮನೆಯ ಅನ್ನ ಸಾರು ಸಿಕ್ಕಿದ ಸಂಜೆಯೇ ಹಬ್ಬವಾಗುತ್ತದೆ.

ದೊಡ್ಡ ರಾಜಧಾನಿಗಳಲ್ಲಿ ರಾಜಕೀಯ, ವಾಣಿಜ್ಯ, ಪತ್ರಿಕೆ, ಸಂಸ್ಕೃತಿ ಎಂದು ಕೆಲಸ ಹಂಚಿಹೋಗಿರುತ್ತದೆ. ಗಿರೀಶ ಕಾರ್ನಾಡರು 2000ದಿಂದ 2003ರವರೆಗೆ ಲಂಡನ್ನಿನಲ್ಲಿರುವ ಭಾರತದ ಸಾಂಸ್ಕೃತಿಕ ಕೇಂದ್ರವಾದ ನೆಹರೂ ಸೆಂಟರ್‌ನ ನಿರ್ದೇಶಕರಾಗಿದ್ದದ್ದು ನಿಮಗೆ ಗೊತ್ತಿರಬಹುದು. ಸೇವೆಗೆ ಹೊರಗಿನವರಿಗೂ ಇಂತಹ ಹೊಣೆ ದೊರೆಯುವುದುಂಟು. ಆದರೆ ಚಿಕ್ಕ ದೇಶಗಳ ಕಚೇರಿಗಳಲ್ಲಿ ಇಬ್ಬರು ಮೂವರು ಅಧಿಕಾರಿಗಳಷ್ಟೇ ಇರುತ್ತಾರೆ. ಅಲ್ಲಿ ಬೆಳಗ್ಗೆ ಪಾಸ್‌ಪೋರ್ಟ್ ಅರ್ಜಿಗೆ ಸಹಿ ಹಾಕಿದವರೇ ಮಧ್ಯಾಹ್ನ ಲೆಕ್ಕಪತ್ರ ನೋಡಿ, ಕಟ್ಟಡದ ಸೋರುವ ಚಾವಣಿಗೆ ಟೆಂಡರ್ ಕರೆದು, ಸಂಜೆ ಸಚಿವರೊಬ್ಬರ ಮುಂದೆ ವಿಶ್ವಸಂಸ್ಥೆಯ ಮತದಾನದಲ್ಲಿ ಬೆಂಬಲ ಕೋರುತ್ತಾರೆ. ಕಿರಿಯ ವಯಸ್ಸಿನಲ್ಲಿ ಕಲಿಯಲು ಇಂತಹ ಜಾಗಗಳೇ ಮೇಲು ಎಂಬುದು ನನ್ನ ಅಭಿಪ್ರಾಯ.

ಈಗ ‘ಸೂಚನೆ’ ಎಂಬ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಬುದ್ಧಿವಂತರಿಗೆ ಈ ವೃತ್ತಿಯಲ್ಲಿ ಅತ್ಯಂತ ಕಷ್ಟವಾಗುವುದು ಇದು. ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರನ್ನು ನಾವು ಸಂವಿಧಾನ ಸಭೆಯ ಸಲಹೆಗಾರರೆಂದು ನೆನೆಯುತ್ತೇವೆ. ಆ ಬಳಿಕ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆಯ ಸರದಿ ಭಾರತದ್ದಾಗಿತ್ತು, ಆ ತಿಂಗಳಲ್ಲೇ ಕೊರಿಯಾ ಯುದ್ಧ ಸಿಡಿಯಿತು. ಜೂನ್ 25ರಂದು ಕದನ ನಿಲ್ಲಿಸಿ, ಉತ್ತರ ಕೊರಿಯಾದ ಸೇನೆ ಹಿಂದೆ ಸರಿಯಬೇಕೆಂಬ ನಿರ್ಣಯ ಬಂದಾಗ ಭಾರತ ಅದರ ಪರ ಮತ ಹಾಕಿತು. ಎರಡೇ ದಿನಗಳಲ್ಲಿ, ಜೂನ್ 27ರಂದು, ದಕ್ಷಿಣ ಕೊರಿಯಾಕ್ಕೆ ಸದಸ್ಯ ರಾಷ್ಟ್ರಗಳು ನೆರವು ಒದಗಿಸಬೇಕೆಂಬ ಎರಡನೆಯ ನಿರ್ಣಯ ಮುಂದೆ ಬಂತು. ಇದು ಇನ್ನೊಂದು ದೇಶದ ಯುದ್ಧಕ್ಕೆ ಬಲ ತುಂಬುವ ನಿರ್ಧಾರ. ದೆಹಲಿಯ ಸೂಚನೆ ಇನ್ನೂ ಕೈ ಸೇರಿರಲಿಲ್ಲ. ಅಧ್ಯಕ್ಷಪೀಠದಲ್ಲಿ ಕುಳಿತಿದ್ದ ರಾಯರು, ಇಡೀ ಜಗತ್ತು ನೋಡುತ್ತಿರುವಾಗ, ತಮ್ಮ ದೇಶದ ಪರವಾಗಿ ಮತದಾನದಲ್ಲಿ ಭಾಗವಹಿಸಲಿಲ್ಲ. ಈಜಿಪ್ಟ್ ಕೂಡ ಅದೇ ಸ್ಥಿತಿಯಲ್ಲಿತ್ತು. ಸೋವಿಯತ್ ಒಕ್ಕೂಟ ಗೈರುಹಾಜರಾಗಿದ್ದ, ಯುಗೊಸ್ಲಾವಿಯಾ ವಿರೋಧಿಸಿದ ಆ ನಿರ್ಣಯ ಏಳು ಮತಗಳಿಂದ ಅಂಗೀಕಾರವಾಯಿತು. ಜೂನ್ 29ರಂದು ಭಾರತ ಸರ್ಕಾರ ತಾನು ನಿರ್ಣಯವನ್ನು ಒಪ್ಪುವುದಾಗಿ ತಿಳಿಸಿತು.

ಕಾನೂನಿನಲ್ಲಿ ಅಷ್ಟು ಪಾಂಡಿತ್ಯವಿದ್ದ, ಮುಂದೆ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ವ್ಯಕ್ತಿಗೆ ಆ ದಿನ ಸ್ವಂತ ಅಭಿಪ್ರಾಯವೇ ಇರಲಿಲ್ಲವೆಂದು ನಂಬುವುದು ಕಷ್ಟ. ಆದರೆ ಅವರ ಮತ ಅವರ ಸ್ವಂತದ್ದಾಗಿರಲಿಲ್ಲ. ಇಂದು ದೂರವಾಣಿ, ಗೂಢಲಿಪಿಯ ಸಂದೇಶಗಳು ಕ್ಷಣಾರ್ಧದಲ್ಲಿ ತಲುಪುತ್ತವೆ ಎಂಬುದು ನಿಜ. ಆದರೂ ನ್ಯೂಯಾರ್ಕಿನಲ್ಲಿ ಸಂಜೆಯ ಮತದಾನವೆಂದರೆ ದೆಹಲಿಯಲ್ಲಿ ನಡುರಾತ್ರಿ ಕಳೆದಿರುತ್ತದೆ, ನಿರ್ಧಾರ ತೆಗೆದುಕೊಳ್ಳಬೇಕಾದವರು ವಿಮಾನದಲ್ಲಿರುತ್ತಾರೆ, ಇತ್ತ ಕರಡಿನಲ್ಲಿ ಒಂದು ಪದ ಈಗಷ್ಟೇ ಬದಲಾಗಿರುತ್ತದೆ. ಬಹುಪಕ್ಷೀಯ ಸಭೆಗಳಲ್ಲಿ ಒಪ್ಪಿಗೆಯಾಗದ ಪದಗಳನ್ನು ಚೌಕ ಕಂಸದೊಳಗೆ ಇಡುತ್ತಾರೆ. ಆ ಕಂಸಗಳನ್ನು ಒಂದೊಂದಾಗಿ ಬಿಡಿಸುತ್ತಾ ಬೆಳಗಿನ ಜಾವದವರೆಗೆ ಕೂರುವುದು ಸಾಮಾನ್ಯ. ನಿಮಗೆ ಮನಸ್ಸಿನಲ್ಲಿ ಒಪ್ಪಿಗೆಯಿಲ್ಲದ ನಿಲುವನ್ನೂ ಅಷ್ಟೇ ಸಮರ್ಥವಾಗಿ ಮಂಡಿಸಬೇಕಾದ ದಿನಗಳು ಬರುತ್ತವೆ. ಭಿನ್ನಾಭಿಪ್ರಾಯವನ್ನು ಕಡತದಲ್ಲಿ ಬರೆದು ದಾಖಲಿಸಬಹುದು, ಸಭೆಯಲ್ಲಿ ತೋರಿಸುವಂತಿಲ್ಲ. ಈ ಕಟ್ಟು ನಿಮ್ಮ ಸ್ವಭಾವಕ್ಕೆ ಒಗ್ಗುತ್ತದೆಯೇ ಎಂದು ಪರೀಕ್ಷೆಗೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಪತ್ರಿಕೆಗಳಲ್ಲಿ ಶೃಂಗಸಭೆಗಳ ಚಿತ್ರ ಬರುತ್ತದೆ. ಸಾಮಾನ್ಯ ಜನರಿಗೆ ರಾಯಭಾರ ಕಚೇರಿಯ ಪರಿಚಯವಾಗುವುದು ಮಾತ್ರ ಪಾಸ್‌ಪೋರ್ಟ್, ವೀಸಾ ಮತ್ತು ಕಷ್ಟದಲ್ಲಿರುವ ನಾಗರಿಕರ ನೆರವನ್ನು ನೋಡಿಕೊಳ್ಳುವ ಕಾನ್ಸುಲರ್ ವಿಭಾಗದ ಕಿಟಕಿಯಲ್ಲಿ. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಲ್ಲಿ ದೇಶಕ್ಕೆ ಹೋದ ಕಾರ್ಮಿಕನ ಪಾಸ್‌ಪೋರ್ಟನ್ನು ಕಫೀಲ್ (ಆತನ ವೀಸಾದ ಹೊಣೆ ಹೊತ್ತ ಉದ್ಯೋಗದಾತ) ಕಿತ್ತಿಟ್ಟುಕೊಂಡಿರುತ್ತಾನೆ, ತಿಂಗಳುಗಟ್ಟಲೆ ಸಂಬಳ ಬಂದಿರುವುದಿಲ್ಲ, ಕೆಲಸ ಬಿಟ್ಟು ಹೊರಬಂದರೆ ‘ಓಡಿಹೋದವನು’ ಎಂದು ದೂರು ದಾಖಲಾಗುತ್ತದೆ. ಆತ ನಮ್ಮ ಕಚೇರಿಯ ಬಾಗಿಲಿಗೆ ಬಂದಾಗ ಅಧಿಕಾರಿ ಮಾಡಬಹುದಾದದ್ದು ಇಷ್ಟು: ಉದ್ಯೋಗದಾತನಿಗೆ ಫೋನ್ ಮಾಡುವುದು, ಅಲ್ಲಿನ ಕಾರ್ಮಿಕ ಇಲಾಖೆಗೆ ದೂರು ಕೊಡಿಸುವುದು, ಪಾಸ್‌ಪೋರ್ಟ್ ಇಲ್ಲದವರಿಗೆ ಸ್ವದೇಶಕ್ಕೆ ಮರಳಲು ತುರ್ತು ಪ್ರಮಾಣಪತ್ರ ನೀಡುವುದು, ತೀರಾ ಅಸಹಾಯಕರಿಗೆ 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಊಟ, ವಸತಿ, ವಿಮಾನದ ಟಿಕೆಟ್ ಒದಗಿಸುವುದು. ನಿರ್ಗಮನದ ಪರವಾನಗಿ ಕೊಡುವುದು ಮಾತ್ರ ಆ ದೇಶದ ಕೈಯಲ್ಲಿರುತ್ತದೆ. ಅಲ್ಲಿನ ಗುಮಾಸ್ತನೊಬ್ಬ ಕಡತವನ್ನು ಮೇಲಕ್ಕೆ ಕಳುಹಿಸಲು ಒಪ್ಪಿದರೆ ಬಿಡುಗಡೆ, ಇಲ್ಲದಿದ್ದರೆ ಮತ್ತೆ ನಾಳೆ.

ಸಾವಿನ ಸಂದರ್ಭದಲ್ಲಿ ಈ ಅಸಹಾಯಕತೆ ಇನ್ನೂ ತೀಕ್ಷ್ಣವಾಗುತ್ತದೆ. ಪಾರ್ಥಿವ ಶರೀರ ಊರಿಗೆ ಬರಬೇಕಾದರೆ ಸ್ಥಳೀಯ ಮರಣ ಪ್ರಮಾಣಪತ್ರ, ಅಸಹಜ ಸಾವಾದರೆ ಪೊಲೀಸ್ ವರದಿ, ಶರೀರ ಕೆಡದಂತೆ ಸಂಸ್ಕರಿಸಿದ್ದಕ್ಕೆ ಪ್ರಮಾಣಪತ್ರ, ಕುಟುಂಬದ ಒಪ್ಪಿಗೆ ಪತ್ರ, ರದ್ದುಪಡಿಸಿದ ಪಾಸ್‌ಪೋರ್ಟ್, ನಮ್ಮ ಕಚೇರಿಯ ನಿರಾಕ್ಷೇಪಣಾ ಪತ್ರ ಎಲ್ಲವೂ ಬೇಕು. ಒಂದು ಕಾಗದ ತಡವಾದರೂ ಊರಿನಲ್ಲಿ ಕಾದು ಕುಳಿತ ಮನೆಯವರ ಕೋಪಕ್ಕೆ ಸಿಗುವುದು ದೂರವಾಣಿಯ ಈ ತುದಿಯಲ್ಲಿರುವ ಅಧಿಕಾರಿ. ಯುದ್ಧಭೂಮಿಯಾದರಂತೂ ಹೇಳಲೇಬೇಕಿಲ್ಲ: 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯ ಪಾರ್ಥಿವ ಶರೀರ ಬೆಂಗಳೂರು ತಲುಪಿದ್ದು ಮಾರ್ಚ್ 21ರಂದು. ಅಷ್ಟು ದಿನ ಮನೆಯವರು ಹೇಗೆ ಕಾದಿರಬಹುದೆಂಬುದನ್ನು ಯೋಚಿಸಿ. ಪ್ರತಿದಿನ ಅವರಿಗೆ ‘ಇನ್ನೂ ಆಗಿಲ್ಲ’ ಎಂದು ಹೇಳಬೇಕಾಗುವುದೂ ಈ ಕೆಲಸದ ಭಾಗವೇ.

ಸೆರೆಮನೆಯಲ್ಲಿರುವ ಭಾರತೀಯರ ವಿಷಯದಲ್ಲಿ 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿ ನಮಗಿರುವ ಮುಖ್ಯ ಆಧಾರ. ಬಂಧಿತನು ಕೇಳಿಕೊಂಡರೆ ಆತನ ದೇಶದ ಕಾನ್ಸುಲೇಟ್‌ಗೆ ವಿಳಂಬವಿಲ್ಲದೆ ತಿಳಿಸಬೇಕು; ಅಧಿಕಾರಿ ಆತನನ್ನು ಭೇಟಿಯಾಗಬಹುದು, ವಕೀಲರನ್ನು ಗೊತ್ತುಮಾಡಬಹುದು. ಗೂಢಚರ್ಯೆಯ ಆರೋಪದ ಮೇಲೆ ಪಾಕಿಸ್ತಾನದ ಸೆರೆಯಲ್ಲಿರುವ ಭಾರತೀಯ ಕುಲಭೂಷಣ ಜಾಧವ್ ಪ್ರಕರಣದಲ್ಲಿ ಆ ದೇಶ ಈ ವಿಧಿಯನ್ನು ಉಲ್ಲಂಘಿಸಿದೆಯೆಂದು ಅಂತಾರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ತೀರ್ಪಿತ್ತದ್ದು ನಿಮಗೆ ನೆನಪಿರಬಹುದು. ಆದರೆ ಭೇಟಿಯ ಹಕ್ಕೆಂದರೆ ಬಿಡಿಸಿಕೊಂಡು ಬರುವ ಹಕ್ಕಲ್ಲ. ಇದನ್ನು ಬಂಧಿತನ ತಾಯಿಗೆ ಕನ್ನಡದಲ್ಲೇ ಆಗಲಿ, ತೆಲುಗಿನಲ್ಲೇ ಆಗಲಿ ತಿಳಿಸಿ ಹೇಳುವುದು ಯಾವ ತರಬೇತಿಯಲ್ಲೂ ಬರುವುದಿಲ್ಲ.

ಬಿಕ್ಕಟ್ಟಿನ ಕಾಲದ ಕೆಲಸಕ್ಕೆ ನಮಗೆ ಹತ್ತಿರದ ಉದಾಹರಣೆ ಸುಡಾನ್. 2023ರ ಏಪ್ರಿಲ್ 15ರಂದು ಅಲ್ಲಿನ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಶುರುವಾದಾಗ, ಗಿಡಮೂಲಿಕೆಯ ಎಣ್ಣೆ, ಔಷಧಿ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಅನೇಕರು ಅಲ್ಲಿ ಸಿಲುಕಿಕೊಂಡರು. ಅವರಲ್ಲೊಂದು ಗುಂಪು ರಾಜಧಾನಿ ಖಾರ್ಟೂಮಿನಿಂದ ಬಹುದೂರದ ದಾರ್ಫುರ್ ಪ್ರಾಂತ್ಯದ ಅಲ್ ಫಶೀರ್‌ನಲ್ಲಿತ್ತು. ನಮ್ಮ ರಾಯಭಾರ ಕಚೇರಿಯೇ ಗುಂಡಿನ ಚಕಮಕಿಯ ಪ್ರದೇಶದಲ್ಲಿತ್ತು. ಇಲ್ಲಿ ರಾಜಕೀಯದವರ ನಡುವೆ ಟ್ವಿಟರ್‌ನಲ್ಲಿ ವಾಗ್ವಾದ ನಡೆಯಿತು. ಅಲ್ಲಿ ಮಾತ್ರ ಕೆಲಸ ಬೇರೆಯೇ ಬಗೆಯದು. ಬಸ್ಸು ಹೊರಡಬೇಕಾದರೆ ಕಾದಾಡುತ್ತಿರುವ ಎರಡೂ ಪಕ್ಷಗಳಿಂದ ಭರವಸೆ ಪಡೆಯಬೇಕು, ಯಾವ ದಾರಿ ಇವತ್ತು ತೆರೆದಿದೆಯೆಂದು ತಿಳಿಯಬೇಕು, ಡೀಸೆಲ್ ಹುಡುಕಬೇಕು, ಸತ್ತುಹೋಗುತ್ತಿರುವ ಮೊಬೈಲ್ ಬ್ಯಾಟರಿಗಳ ನಡುವೆ ಯಾರು ಎಲ್ಲಿದ್ದಾರೆಂಬ ಪಟ್ಟಿ ಮಾಡಬೇಕು. ಖಾರ್ಟೂಮಿನಿಂದ ಸುಮಾರು 850 ಕಿಲೋಮೀಟರ್ ದೂರದ ಪೋರ್ಟ್ ಸುಡಾನ್‌ಗೆ ಬಸ್ಸಿನಲ್ಲಿ, ಅಲ್ಲಿಂದ ನೌಕಾಪಡೆಯ ಹಡಗು ಮತ್ತು ವಾಯುಪಡೆಯ ವಿಮಾನಗಳಲ್ಲಿ ಜೆಡ್ಡಾಕ್ಕೆ, ಜೆಡ್ಡಾದಿಂದ ಭಾರತಕ್ಕೆ. ‘ಆಪರೇಷನ್ ಕಾವೇರಿ’ ಎಂದು ಹೆಸರಿಟ್ಟ ಆ ಕಾರ್ಯಾಚರಣೆಯಲ್ಲಿ 3,800ಕ್ಕೂ ಹೆಚ್ಚು ಜನರನ್ನು ಕರೆತರಲಾಯಿತು. ಬೆಂಗಳೂರಿಗೆ ಬಂದಿಳಿದ ಮೇಲೂ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವಿಲ್ಲದ ಕೆಲವರನ್ನು ಪ್ರತ್ಯೇಕವಾಗಿ ಇರಿಸಬೇಕಾಯಿತು. ಇಂತಹ ಸಣ್ಣ ಕಾಗದವೊಂದು ಎಷ್ಟು ಮುಖ್ಯವಾಗಬಹುದೆಂಬುದನ್ನು ಕಾನ್ಸುಲರ್ ಅಧಿಕಾರಿ ಎಂದೂ ಮರೆಯುವಂತಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಕೇಳಿದ್ದೀರಿ. ಈ ಪ್ರಶ್ನೆಗೆ ಉತ್ತರ ಕೊಡಗಿನಿಂದಲೇ ಆರಂಭವಾಗಬೇಕು. ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. ಆ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಅಂದಿನ ವ್ಯವಸ್ಥೆಯಲ್ಲಿ ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಮಹಿಳಾ ಅಧಿಕಾರಿ ಬರೆದುಕೊಡಬೇಕಿತ್ತು. 1961ರ ನಿಯಮಗಳಲ್ಲೂ ಮಹಿಳೆ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ಅನಿಸಿದರೆ ಆಕೆ ಸೇವೆ ಬಿಡಬೇಕಾಗಬಹುದು, ವಿವಾಹಿತ ಮಹಿಳೆಗೆ ನೇಮಕಾತಿಯ ಹಕ್ಕಿಲ್ಲ ಎಂಬ ಮಾತುಗಳಿದ್ದವು. 1970ರಲ್ಲಿ ಹಂಗೆರಿಗೆ ರಾಯಭಾರಿಯಾದ ಮುತ್ತಮ್ಮ, ಮುಂದೆ ಉನ್ನತ ದರ್ಜೆಗೆ ತಮ್ಮ ಬಡ್ತಿಯನ್ನು ಸರ್ಕಾರ ನಿರಾಕರಿಸಿದಾಗ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ವಿಚಾರಣೆಯಲ್ಲಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. ಹಾಗಾಗಿ ಅರ್ಜಿಯನ್ನು ವಜಾ ಮಾಡಲಾಯಿತು. ಆದರೆ 1979ರ ಸೆಪ್ಟೆಂಬರ್‌ನ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಮಹಿಳೆಯ ಸಂಸಾರ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಪುರುಷ ಅಧಿಕಾರಿಯ ಸಂಸಾರವೂ ಹಾಗೆ ಆಗಬಹುದಲ್ಲವೇ ಎಂಬುದು ಅವರ ವಾದದ ತಿರುಳು. ಆ ನಿಯಮಗಳು ಹೋದವು. 2001ರಲ್ಲಿ ಚೋಕಿಲಾ ಅಯ್ಯರ್ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾದರು.

ನಿಯಮ ಹೋದ ಮಾತ್ರಕ್ಕೆ ಸಂಸಾರದ ತೊಡಕು ಹೋಗಲಿಲ್ಲ. ಅದು ಗಂಡು ಹೆಣ್ಣು ಇಬ್ಬರಿಗೂ ಇದೆ. ಮೂರು ವರ್ಷಕ್ಕೊಮ್ಮೆ ದೇಶ ಬದಲಾಗುವಾಗ ಸಂಗಾತಿ ಎಲ್ಲಿ ಉದ್ಯೋಗ ಮಾಡಬೇಕು? ಅವಲಂಬಿತರಿಗೆ ದುಡಿಯಲು ಅವಕಾಶ ಕೊಡುವ ದ್ವಿಪಕ್ಷೀಯ ಒಪ್ಪಂದಗಳು ಕೆಲವು ದೇಶಗಳೊಂದಿಗೆ ಇವೆ, ಎಲ್ಲೆಡೆ ಇಲ್ಲ. ಮಕ್ಕಳು ಒಂದು ಶಾಲೆಯಲ್ಲಿ ಗೆಳೆಯರನ್ನು ಮಾಡಿಕೊಳ್ಳುವಷ್ಟರಲ್ಲಿ ಪೆಟ್ಟಿಗೆ ಕಟ್ಟಬೇಕಾಗುತ್ತದೆ. ನನ್ನ ಲೆಕ್ಕದಲ್ಲಿ ಇವೆರಡಕ್ಕಿಂತಲೂ ಭಾರವಾದದ್ದು ಊರಿನಲ್ಲಿರುವ ವಯಸ್ಸಾದ ತಂದೆತಾಯಿಯ ವಿಷಯ. ಅವರ ಆಸ್ಪತ್ರೆಯ ಸುದ್ದಿ ಬಂದಾಗ ನೀವು ಎರಡು ವಿಮಾನಗಳ ದೂರದಲ್ಲಿರುತ್ತೀರಿ, ಮರುದಿನವೇ ನಿಮ್ಮ ಸಚಿವರ ಭೇಟಿ ನಿಗದಿಯಾಗಿರುತ್ತದೆ. ಜೀವಾಪಾಯವೂ ಇಲ್ಲದಿಲ್ಲ: 2008ರ ಜುಲೈ 7ರಂದು ಕಾಬೂಲಿನ ನಮ್ಮ ರಾಯಭಾರ ಕಚೇರಿಯ ಮುಂದೆ ನಡೆದ ಆತ್ಮಾಹುತಿ ದಾಳಿಯಲ್ಲಿ ವಿದೇಶಾಂಗ ಸೇವೆಯ ವಿ. ವೆಂಕಟೇಶ್ವರ ರಾವ್, ಸೇನೆಯ ಬ್ರಿಗೇಡಿಯರ್ ರವಿದತ್ತ ಮೆಹ್ತಾ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು.

ಪ್ರವೇಶದ ದಾರಿ ನಿಮಗೆ ತಿಳಿದಿರುವಂಥದ್ದೇ: ಯುಪಿಎಸ್‌ಸಿ ಪರೀಕ್ಷೆ, ಮಸ್ಸೂರಿಯ ಬುನಾದಿ ತರಬೇತಿ, ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯ ತರಬೇತಿ, ಆಮೇಲೆ ವಿದೇಶದಲ್ಲಿ ತೃತೀಯ ಕಾರ್ಯದರ್ಶಿಯಾಗಿ ಒಂದು ವಿದೇಶಿ ಭಾಷೆಯ ಕಲಿಕೆ. ಅರಬ್ಬಿ, ಚೀನಿ, ರಷ್ಯನ್, ಫ್ರೆಂಚ್, ಸ್ಪ್ಯಾನಿಷ್, ಜಪಾನಿ ಹೀಗೆ ನಿಮಗೆ ಹಂಚಿಕೆಯಾದ ಭಾಷೆಯ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಸೇವೆ ಕಾಯಂ ಆಗುತ್ತದೆ. ಮುಖ್ಯ ಪರೀಕ್ಷೆಯನ್ನೂ ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಆದರೆ ಸೇವೆಯೊಳಗಿನ ಬರವಣಿಗೆ ಬಹುಪಾಲು ಇಂಗ್ಲಿಷಿನಲ್ಲೇ ನಡೆಯುವುದರಿಂದ ಅದರಲ್ಲಿ ನಿಖರವಾಗಿ, ಚಿಕ್ಕದಾಗಿ ಬರೆಯುವುದನ್ನು ಈಗಿನಿಂದಲೇ ರೂಢಿಸಿಕೊಳ್ಳಿ. ದಿನಪತ್ರಿಕೆಯ ಒಂದು ವಿದೇಶಿ ಸುದ್ದಿಯನ್ನು ಆರಿಸಿ, ನಡೆದದ್ದೇನು, ಅದರ ಅರ್ಥವೇನು, ಭಾರತ ಏನು ಮಾಡಬಹುದು ಎಂದು ಒಂದೇ ಪುಟದಲ್ಲಿ ವಾರಕ್ಕೆರಡು ಸಲ ಬರೆದು ನೋಡಿ. ಅದು ಬೇಸರ ತರಿಸಿದರೆ ಈ ಸೇವೆಯ ಮುಕ್ಕಾಲು ಭಾಗ ಬೇಸರ ತರಿಸುತ್ತದೆ.

ಇನ್ನು ಆಯ್ಕೆಯ ಮಾತು. ನೀವು ತೆಗೆದುಕೊಂಡ ನಿರ್ಧಾರದಿಂದ ಒಂದು ಕೆರೆಗೆ ನೀರು ಬಂದದ್ದನ್ನು, ಒಂದು ಶಾಲೆಗೆ ಕೊಠಡಿ ಕಟ್ಟಿದ್ದನ್ನು ಕಣ್ಣಾರೆ ಕಾಣಬೇಕೆಂಬ ತವಕ ನಿಮ್ಮಲ್ಲಿದ್ದರೆ ಮನೆಯವರ ಸಲಹೆಯೇ ಸರಿ, ಐಎಎಸ್ ಅನ್ನೇ ಮೊದಲು ಬರೆಯಿರಿ. ಹೆಸರು ಎಲ್ಲೂ ಕಾಣಿಸಿಕೊಳ್ಳದ ಒಂದು ಒಪ್ಪಂದದ ಏಳನೆಯ ಪರಿಚ್ಛೇದ ನಮ್ಮ ದೇಶಕ್ಕೆ ಅನುಕೂಲವಾಗುವಂತೆ ತಿದ್ದುಪಡಿಯಾಯಿತು ಎಂಬಷ್ಟರಿಂದಲೇ ನಿಮಗೆ ತೃಪ್ತಿಯಾಗುವುದಾದರೆ ವಿದೇಶಾಂಗ ಸೇವೆಯನ್ನು ಮೊದಲ ಆಯ್ಕೆಯಾಗಿ ಬರೆಯಲು ಹಿಂಜರಿಯಬೇಡಿ. ಎರಡೂ ಸೇವೆಗಳಲ್ಲಿ ಸ್ಥಾನಗಳು ರ‍್ಯಾಂಕಿನ ಮೇಲೆ ನಿಂತಿರುವುದರಿಂದ, ಎರಡನೆಯ ಆಯ್ಕೆಯನ್ನೂ ಅಷ್ಟೇ ಯೋಚಿಸಿ ತುಂಬಿರಿ.